ಮಕ್ತುಮಬಿ ಎದ್ದು ಹೋದ ಕುಬಸ

“ಅವ್ವಾ, ಬಳಿ ಆಯಿ ನಮ್ಮನಿಗೆ ಬಳಿ ಇಡಾಕ ಬರ್ತಾಳೋ, ಪಾಯಖಾನಿ ನೋಡಾಕ ಬರ್ತಾಳೋ?”

ನೀಲು ಇದನ್ನು ಕೇಳಿದ್ದು ಪಡಸಾಲೆಯಲ್ಲಿ, ಎಲ್ಲರೂ ಕೂತಿದ್ದಾಗ. ಐದು ವರ್ಷದ ಹುಡುಗಿಗೆ ಮೆಲ್ಲಗೆ ಕೇಳುವ ದನಿ ಇನ್ನೂ ಬಂದಿರಲಿಲ್ಲ. ಟಿಕೋಟಾದ ಆ ಮನೆಯಲ್ಲಿ ಆಗ ಒಣದ್ರಾಕ್ಷಿಯ ಕಡ್ಡಿ ಆರಿಸುವ ಕೆಲಸ ನಡೆದಿತ್ತು. ಅಜ್ಜಿ ಗೌರಾಬಾಯಿ ಮೊರ ಹಿಡಿದುಕೊಂಡೇ ನಕ್ಕಳು. ಕಾವ್ಯಾ ನಗಲಿಲ್ಲ. ಮಗಳ ಬಾಯಿಗೆ ಒಂದು ಚಿಟಿಕೆ ದ್ರಾಕ್ಷಿ ತುಂಬಿ ಸುಮ್ಮನಾಗಿಸಿದಳು. ಹಿತ್ತಲಿಂದ ಒಳಗೆ ಬರುತ್ತಿದ್ದ ಬಳೆಗಾರ್ತಿ ಮಕ್ತುಮಬಿ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತದ್ದು ಅವಳಿಗೆ ಕಂಡಿತ್ತು. ಕೇಳಿಸಿಕೊಂಡಳೋ ಇಲ್ಲವೋ ಮುಖದ ಮೇಲೆ ತಿಳಿಯುವಂತಿರಲಿಲ್ಲ. ಬಂದವಳೇ ಗೋಡೆಗೆ ಬೆನ್ನು ಕೊಟ್ಟು ಕೂತು, ಗಂಟು ಬಿಚ್ಚಿ, ಗೌರಾಬಾಯಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಹುಡುಗಿ ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇತ್ತೀಚೆಗೆ ಮಕ್ತುಮಬಿ ಯಾರ ಮನೆಗೆ ಹೋದರೂ ಬಳೆಯ ಗಂಟನ್ನು ಕಟ್ಟೆಯ ಮೇಲಿಟ್ಟು, “ಬಂದೆ ಯವ್ವಾ” ಅನ್ನುತ್ತ ನೇರ ಹಿತ್ತಲಿಗೆ ನಡೆಯುತ್ತಿದ್ದಳು. ಪಾಯಖಾನೆಯ ಬಾಗಿಲು ತಳ್ಳಿ, ಚಿಲಕ ಸರಿ ಕೂಡುತ್ತದೆಯೇ ನೋಡಿ, ಬಕೆಟ್ಟಿನಲ್ಲಿ ನೀರಿದೆಯೇ ಎಂದು ಬಗ್ಗಿ, ಅದನ್ನು ಬಳಸದೆಯೇ ತಿರುಗಿ ಬರುತ್ತಿದ್ದಳು. ಆಮೇಲೆಯೇ ಕೂರುವುದು. ನೀಲು ಅವಳ ಹಿಂದೆ ಹೋಗಿ ಎಲ್ಲ ಕಂಡಿದ್ದಳು.

ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಸಪ್ಪಳ ಗೋಡೆಗೆ ತಾಗುವಷ್ಟು ಹತ್ತಿರದಲ್ಲಿ ಮಕ್ತುಮಬಿಯ ಮನೆ. ಗಂಡ ಗೈಬುಸಾಬ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಅವನು, ಊರೂರಿನ ಮೇಲೆ ಅವಳು. ಟಿಕೋಟಾ, ಬಬಲೇಶ್ವರ, ಒಮ್ಮೊಮ್ಮೆ ಕನಮಡಿಯ ತನಕ. ಪೇಟೆಯಲ್ಲಿ ಬೇಕಾದ ಬಳೆ ಸಿಗುತ್ತವೆ ನಿಜ. ಆದರೆ ಮದುವೆಗೆ, ಕುಬಸಕ್ಕೆ ಬಳೆಗಾರ್ತಿಯೇ ಮನೆಗೆ ಬರಬೇಕು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ ಅಂಗಡಿಯಿಂದ ಡಬ್ಬಿ ತಂದು ತಾನೇ ಬಳೆ ಏರಿಸಿಕೊಂಡಳು ಅಂದರೆ ಆ ಮನೆಯ ಹೆಸರು ಉಳಿಯುವುದಿಲ್ಲ.

ಕಾವ್ಯಾಳ ಮದುವೆಯಲ್ಲಿ ಬಳೆ ಇಟ್ಟವಳೂ ಇವಳೇ. ಅಂಗೈ ಒತ್ತಿ, ಹೆಬ್ಬೆರಳಿನ ಬುಡದ ಎಲುಬು ಸವರಿ ನೋಡಿ, ಇದು ರೊಟ್ಟಿ ಬಡಿದ ಕೈಯಲ್ಲ, ಪೆನ್ನು ಹಿಡಿದ ಕೈ, ಗೌರಾಬಾಯಿಯ ಮನೆಯಲ್ಲಿ ರೊಟ್ಟಿ ಇನ್ನು ಚೌಕಾಕಾರವೇ ಸೈ ಎಂದು ಎಲ್ಲರನ್ನೂ ನಗಿಸಿದ್ದಳು. ನಕ್ಕ ಗಳಿಗೆಯಲ್ಲಿ ಕೈ ಸಡಿಲಾಗುತ್ತದೆ, ಬಳೆ ಜಾರಿ ಒಳಗೆ ಹೋಗುತ್ತದೆ. ಕೈ ನೋಯಿಸದೆ ಬಳೆ ಇಡುವ ಅವಳ ವಿದ್ಯೆ ಅಷ್ಟೇ.

ಆ ಕಸುಬಿಗೆ ಎರಡು ಕಟ್ಟುಪಾಡುಗಳಿದ್ದವು. ಎರಡನ್ನೂ ಅವಳ ಅತ್ತೆ ಕಲಿಸಿ ಹೋಗಿದ್ದಳು. ಒಂದು, ಬಳೆಗಾರ್ತಿಯ ಬಾಯಲ್ಲಿ ಕೆಟ್ಟ ಮಾತು ಬರಬಾರದು. ಬಳೆ ಒಡೆದರೂ ಒಡೆಯಿತು ಅನ್ನಬಾರದು. ನೋವು, ಸಾವು, ಬೇನೆ, ಯಾವುದರ ಸುದ್ದಿಯನ್ನೂ ತುಂಬಿದ ಮನೆಯೊಳಗೆ ತೆಗೆಯಬಾರದು. ಹೇಗಿದ್ದೀ ಎಂದು ಯಾರಾದರೂ ಕೇಳಿದರೆ ಚೊಲೊ ಇದ್ದೀನಿ, ಅಷ್ಟೇ. ಇನ್ನೊಂದು, ಬಸುರಿಯ ಕೈ ಒಮ್ಮೆ ಹಿಡಿದರೆ ಎರಡೂ ಕೈ ತುಂಬುವ ತನಕ ಬಿಡಬಾರದು. ಒಂದು ಕೈ ತುಂಬಿ ಒಂದು ಕೈ ಖಾಲಿ ಇದ್ದಾಗ ಬಳೆಗಾರ್ತಿ ಎದ್ದು ಹೋದರೆ, ಆ ಮನೆಗೆ ಅದು ಮನಸ್ಸಿನಲ್ಲಿ ಉಳಿಯುವ ಮುಳ್ಳು.

ಆ ದಿನ ಮಕ್ತುಮಬಿ ಚಹಾ ಬೇಡವೆಂದಳು. ಈಗೀಗ ಯಾವ ಮನೆಯಲ್ಲೂ ಅವಳು ಹನಿ ನೀರು ಕುಡಿಯುತ್ತಿರಲಿಲ್ಲ. ಗೌರಾಬಾಯಿಗೆ ಇದು ಮೊದಲೇ ಚುಚ್ಚಿತ್ತು. ಅವಳು ಹೋದ ಮೇಲೆ, ಹಬ್ಬಕ್ಕೆ ನಮ್ಮ ಮನೆಯ ಹೋಳಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದವಳಿಗೆ ಈಗ ಚಹಾ ಒಲ್ಲದಾಯಿತು, ಮೈ ತುಂಬಿದಾಗ ತುಂಬಿದ ಸೊಕ್ಕು ಮೈ ಸೊರಗಿದರೂ ಇಳಿದಿಲ್ಲ ಎಂದು ಗೊಣಗಿದಳು. ಕಾವ್ಯಾ ಮೊರ ಅಲ್ಲೇ ಇಟ್ಟು, ನೀಲುವಿನ ಕೈ ಹಿಡಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಮಕ್ತುಮಬಿ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದಳು. ಕಾವ್ಯಾ ಪಕ್ಕದಲ್ಲಿ ಕೂತು, ಮೊದಲು ತನ್ನ ಸುದ್ದಿ ತೆಗೆದಳು. ನೀಲು ಹುಟ್ಟಿದ ಮೇಲೆ ಎಷ್ಟೋ ತಿಂಗಳು ಸೀನಿದರೆ, ಕೆಮ್ಮಿದರೆ, ನಕ್ಕರೆ ಸೀರೆ ಒದ್ದೆಯಾಗುತ್ತಿತ್ತು. ತವರಿಗೆ ಹೋಗುವ ಬಸ್ಸನ್ನೇ ಬಿಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಇಲ್ಲ. ಕೊನೆಗೆ ದವಾಖಾನೆಯ ಸಿಸ್ಟರ್ ಒಬ್ಬಳು ತಾನಾಗಿ ಕೇಳಿದಳು, ವ್ಯಾಯಾಮ ಹೇಳಿಕೊಟ್ಟಳು, ಹೋಯಿತು. ಬಸ್ಸು ಇನ್ನೂ ಬಂದಿರಲಿಲ್ಲ. ನೀಲು ಬೇವಿನ ಹಣ್ಣು ಆರಿಸುತ್ತಿದ್ದಳು.

ಮಕ್ತುಮಬಿ ಬಹಳ ಹೊತ್ತು ಗಂಟಿನ ತುದಿಯನ್ನು ಬಿಚ್ಚಿದಳು, ಕಟ್ಟಿದಳು.

“ನಿನ್ನ ಮಗಳು ಕೇಳಿದ್ದು ಖರೆ ಐತಿ ಬೇ,” ಅಂದಳು ಕೊನೆಗೆ. “ನಾ ಈಗ ಮಂದಿ ಕೈ ಅಳತಿ ಮರತೀನಿ. ಯಾರ ಮನ್ಯಾಗ ಪಾಯಖಾನಿ ಮುಂದೈತಿ, ಯಾರ ಮನ್ಯಾಗ ಹಿಂದೈತಿ, ಅಷ್ಟ ನೆನಪದಾವ.”

ಆಮೇಲೆ ಒಂದೊಂದಾಗಿ ಹೊರಬಂತು. ಮೂರ್ನಾಲ್ಕು ವರ್ಷದ ಹಿಂದೆ ರಕ್ತ ಹೋಗತೊಡಗಿದಾಗ ಮೂಲವ್ಯಾಧಿ ಅಂದುಕೊಂಡಿದ್ದಳು. ಮಜ್ಜಿಗೆ ಕುಡಿದಳು, ಖಾರ ಬಿಟ್ಟಳು, ಯಾರೋ ಕೊಟ್ಟ ಪುಡಿ ನೆಕ್ಕಿದಳು. ದಿನಕ್ಕೆ ಹತ್ತಾರು ಸಲ ಓಡಾಟ. ಬಬಲೇಶ್ವರದಿಂದ ಬರುವಾಗ ಬಸ್ಸಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದ ಮೇಲೆಯೇ ವಿಜಯಪುರದ ದೊಡ್ಡ ದವಾಖಾನೆ ಕಂಡದ್ದು. ನಳಿಕೆ ಹಾಕಿ ಒಳಗೆ ನೋಡಿದ ಡಾಕ್ಟರು ದೊಡ್ಡಕರುಳಿನ ಒಳಮೈಯೆಲ್ಲ ಹುಣ್ಣಾಗಿದೆ ಎಂದರು. ಅಂಟುವ ಬೇನೆಯಲ್ಲ, ಕ್ಯಾನ್ಸರೂ ಅಲ್ಲ. ಸಕ್ಕರೆ ಬೇನೆಯ ಹಾಗೆ, ಹೋಗುವುದಿಲ್ಲ, ಗುಳಿಗೆ ತೆಗೆದುಕೊಂಡು ಹಿಡಿತದಲ್ಲಿಡಬೇಕು.

ಮೊದಲು ಸ್ಟೆರಾಯ್ಡ್ ಗುಳಿಗೆ ಕೊಟ್ಟರು. ರಕ್ತ ನಿಂತಿತು. ಆದರೆ ನಿದ್ದೆ ಹಾರಿತು, ಬಕಾಸುರನ ಹಸಿವು ಬಂತು, ಸಣ್ಣ ಮಾತಿಗೂ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು. ಮುಖ ಹುಣ್ಣಿಮೆಯ ಚಂದ್ರನಂತೆ ಉಬ್ಬಿತು. ಊರೂರಿನಲ್ಲಿ ಹೆಂಗಸರು ಗಲ್ಲ ಹಿಡಿದು, ಏನು ಮಕ್ತುಮಬಿ, ಸೊಸೆ ತುಪ್ಪ ಹಾಕುತ್ತಾಳೋ ಎಂದು ಕೇಳಿದರು. ಆಮೇಲೆ ಆ ಗುಳಿಗೆಯನ್ನು ಮೆಲ್ಲಗೆ ಇಳಿಸಿ ಬೇರೆ ಗುಳಿಗೆ ಹಚ್ಚಿದರು. ಮುಖ ಮೊದಲಿನಂತಾಯಿತು.

“ಬ್ಯಾನಿ ಏರಿದಾಗ ಮಂದಿ ಕಣ್ಣ ಹಾಕಿದ್ರು, ಇಳದ ಮ್ಯಾಲೆ ಅಯ್ಯ ಪಾಪ ಸೊರಗ್ಯಾಳ ಅಂತ ಮರಗಾಕತ್ತಾರ,” ಎಂದು ನಕ್ಕಳು ಮಕ್ತುಮಬಿ. ಕಾವ್ಯಾಳಿಗೂ ನಗು ಬಂತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಈಗ ರಕ್ತ ಹೋಗುವುದಿಲ್ಲ. ರಿಪೋರ್ಟು ಚೆನ್ನಾಗಿ ಬರುತ್ತವೆ. ಆದರೆ ಅವಸರ ಹೋಗಿಲ್ಲ. ಬಂತು ಅಂದರೆ ಬಂತು, ಉಸಿರು ಎಣಿಸುವಷ್ಟರಲ್ಲಿ ಎದ್ದಿರಬೇಕು. ಅದಕ್ಕೇ ಊರಿಗೆ ಬರುವ ದಿನ ಬೆಳಗಿನಿಂದ ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಕಲೆ ಕಾಣುತ್ತದೆಂದು ಬಣ್ಣದ ಸೀರೆ ಬಿಟ್ಟು ಕಪ್ಪನ್ನೇ ಉಡುತ್ತಿದ್ದಳು. ಮೊಮ್ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಲಿಲ್ಲ, ತಂಗಿಯ ಮಗನ ನಿಕಾಹಕ್ಕೆ ಹೋಗಿ ಊಟಕ್ಕೆ ಮೊದಲೇ ತಿರುಗಿ ಬಂದಳು.

ಮತ್ತೆ ಆ ಬಬಲೇಶ್ವರದ ಕುಬಸ. ಹೋದ ಕಾರ್ತಿಕದಲ್ಲಿ ನಡೆದದ್ದು. ದೊಡ್ಡ ಮನೆ, ಪಡಸಾಲೆ ತುಂಬ ಹೆಣ್ಣುಮಕ್ಕಳು. ಎಡಗೈ ತುಂಬಿ ಬಲಗೈ ಹಿಡಿದಿದ್ದಳು. ಹೊಟ್ಟೆಯೊಳಗೆ ಹುರಿ ಹಗ್ಗ ತಿರುವಿದಂತಾಯಿತು. ತಡೆದಳು. ಬೆವರಿದಳು. ಕೊನೆಗೆ ಒಂದೂ ಮಾತಾಡದೆ ಎದ್ದು ಓಡಿದಳು. ಪಾಯಖಾನೆ ಅಂಗಳದಾಚೆ, ಒಳಗೆ ಯಾರೋ ಇದ್ದರು. ಮುಂದಿನದನ್ನು ಮಕ್ತುಮಬಿ ಹೇಳಲಿಲ್ಲ, ಕಾವ್ಯಾ ಕೇಳಲೂ ಇಲ್ಲ. ಸೀರೆ ತೊಳೆದುಕೊಂಡು ತಿರುಗಿ ಬರುವಷ್ಟರಲ್ಲಿ ಆ ಮನೆಯವರು ಅದೇ ಊರಿನ ಇನ್ನೊಬ್ಬ ಬಳೆಗಾರ್ತಿಯನ್ನು ಕರೆಸಿ ಬಲಗೈ ತುಂಬಿಸಿದ್ದರು. ಯಾರೂ ಬೈಯಲಿಲ್ಲ. ಬಳೆಗಾರ್ತಿಗೆ ಸಲ್ಲುವ ಉಡಿ ಅಕ್ಕಿಯನ್ನೂ ಕೊಟ್ಟರು. ಆದರೆ ಕೈ ಬಿಟ್ಟು ಎದ್ದಳು ಎಂಬ ಮಾತು ಅವಳಿಗಿಂತ ಮೊದಲೇ ಬಸ್ಸು ಹತ್ತಿ ಊರೂರು ಮುಟ್ಟಿತು. ಅಂದಿನಿಂದ ಅವಳನ್ನು ಒಬ್ಬರೂ ಕುಬಸಕ್ಕೆ ಕರೆದಿರಲಿಲ್ಲ.

ಯಾಕೆ ಹೇಳಲಿಲ್ಲ ಆಯಿ, ಬೇನೆ ಇದೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ ಎಂದಳು ಕಾವ್ಯಾ. ಮಕ್ತುಮಬಿ ಅವಳನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದಳು.

“ಬಸರಿ ಕೈ ಹಿಡಕೊಂಡು ಬ್ಯಾನಿ ಮಾತಾಡ್ಲ್ಯಾ?”

ಡಾಕ್ಟರಿಗಾದರೂ ಹೇಳಿದ್ದೀಯೋ ಎಂದರೆ ಅಲ್ಲೂ ಅದೇ ಕಥೆ. ಗೈಬುಸಾಬ ಜೊತೆಗೆ ಬಂದು ಕುರ್ಚಿಯ ಮೇಲೆ ಕೂರುತ್ತಾನೆ. ಹೇಗಿದ್ದೀರಿ ಎನ್ನುತ್ತಾರೆ ಡಾಕ್ಟರು. ಚೊಲೊ ಇದ್ದೀನಿ ಅನ್ನುತ್ತಾಳೆ ಇವಳು. ಗಂಡನ ಎದುರಿಗೆ ಅದನ್ನು ಹೇಗೆ ಹೇಳುವುದು? ರಕ್ತದ ರಿಪೋರ್ಟು ನೋಡಿ, ಅದೇ ಗುಳಿಗೆ ಮುಂದುವರಿಸಿ ಎಂದು ಕಳಿಸುತ್ತಾರೆ. ಕೆಳಗಿನಿಂದ ಒಳಗಿಡುವ ಔಷಧವನ್ನೂ ಒಮ್ಮೆ ಕೊಟ್ಟಿದ್ದರು. ಒಂದು ಕೋಣೆಯ ಮನೆ, ಮಗ, ಸೊಸೆ, ಮೊಮ್ಮಗಳು. ನಾಚಿಕೆಯಿಂದ ಅದನ್ನು ಸೀರೆಯ ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದಳು.

ಬಸ್ಸು ಬಂತು. ಮುಂದಿನ ಸಲ ದವಾಖಾನೆಗೆ ನಾನು ಬರುತ್ತೇನೆ, ಗೈಬುಕಾಕಾ ಹೊರಗಿರಲಿ ಎಂದಳು ಕಾವ್ಯಾ. ಮಕ್ತುಮಬಿ ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತಳು.

ಮನೆಗೆ ತಿರುಗುವ ದಾರಿಯಲ್ಲಿ ನೀಲು ತನ್ನ ಪ್ರಶ್ನೆಗೆ ಇನ್ನೂ ಜವಾಬು ಸಿಕ್ಕಿಲ್ಲವೆಂದು ನೆನಪಿಸಿದಳು. ಕಾವ್ಯಾ ಕೂತು ಅವಳ ಮೊಣಕಾಲು ತೋರಿಸಿದಳು. ಇಲ್ಲಿ ಗಾಯ ಆಗಿತ್ತಲ್ಲ, ಹಾಗೆ ಆಯಿಗೆ ಹೊಟ್ಟೆಯೊಳಗೆ ಗಾಯ ಆಗಿದೆ, ಹೊರಗೆ ಕಾಣುವುದಿಲ್ಲ, ಅದು ಉರಿದಾಗ ಲಗೂ ಹೋಗಬೇಕಾಗುತ್ತದೆ ಎಂದಳು.

“ಒಳಗ ಹೆಂಗ ಊದೂದವ್ವಾ?” ಎಂದಳು ನೀಲು. ಗಾಯವಾದರೆ ಊದಬೇಕು ಎಂದಷ್ಟೇ ಅವಳಿಗೆ ಗೊತ್ತಿತ್ತು.

ಆ ವಾರವೇ ಇನ್ನೊಂದು ಮಾತು ಎದ್ದಿತು. ಗೌರಾಬಾಯಿಯ ಮಗಳು ಸೌಭಾಗ್ಯಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ತವರಿನ ಕುಬಸ ಟಿಕೋಟಾದಲ್ಲೇ ಆಗಬೇಕಿತ್ತು. ಸೌಭಾಗ್ಯ ಫೋನಿನಲ್ಲಿ, ತನ್ನ ಕೈಗೆ ಮಕ್ತುಮಬಿಯೇ ಬಳೆ ಇಡಬೇಕು, ಬೇರೆಯವರಿಂದ ತಾನು ಇಡಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ಗೌರಾಬಾಯಿಗೆ ಇಕ್ಕಟ್ಟಾಯಿತು. ಸೌಭಾಗ್ಯಳ ಅತ್ತೆ ಲಕ್ಷ್ಮಿ ಆ ಕಾರ್ತಿಕದ ಕುಬಸದಲ್ಲಿ ಕೂತಿದ್ದವಳು, ಕೈ ಬಿಟ್ಟು ಎದ್ದದ್ದನ್ನು ಕಣ್ಣಾರೆ ಕಂಡವಳು.

ಕಾವ್ಯಾ ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಸೊಕ್ಕಲ್ಲ, ಬೇನೆ. ತಾನಾಡಿದ ಚಹಾದ ಮಾತಿಗೆ ಗೌರಾಬಾಯಿಯ ಮುಖ ಸಣ್ಣದಾಯಿತು. ಆದರೂ ತಾಯಿಯ ಅಂಜಿಕೆ ಬೇರೆ.

“ನನಗ ಮಕ್ತುಮಬಿ ಮ್ಯಾಲೆ ಸಿಟ್ಟಿಲ್ಲ ಕಾವ್ಯಾ. ಆದ್ರ ಒಂದ ಕೈ ಖಾಲಿ ಉಳೀತಂದ್ರ, ಮುಂದ ಬಾಣಂತನದಾಗ ಸಣ್ಣ ಹೆಚ್ಚುಕಡಿಮಿ ಆದ್ರೂ ಲಕ್ಷ್ಮಿ ಅದನ್ನ ಎತ್ತಿ ಆಡ್ತಾಳ. ಕೇಳಕೋತ ಇರಾಕಿ ನನ್ನ ಮಗಳು.”

ಕೊನೆಗೆ ಕರೆಯುವುದು ಎಂದಾಯಿತು. ಆದರೆ ಗೌರಾಬಾಯಿ ಒಂದು ಷರತ್ತು ಹಾಕಿದಳು. ಅಂದು ಮಕ್ತುಮಬಿಯ ಹೊಣೆ ಸೊಸೆಯದು.

ದವಾಖಾನೆಯ ದಿನ ಕಾವ್ಯಾ ನೀಲುವನ್ನು ಅಜ್ಜಿಯ ಹತ್ತಿರ ಬಿಟ್ಟು ವಿಜಯಪುರಕ್ಕೆ ಹೋದಳು. ಗೈಬುಸಾಬ ಮೆಟ್ಟಿಲವರೆಗೂ ಬಂದಿದ್ದ. ಒಳಗೆ ಹೆಣ್ಣುಮಕ್ಕಳ ಮಾತಿವೆ, ನೀವು ಇಲ್ಲೇ ಇರಿ ಎಂದು ಕಾವ್ಯಾ ಅಂದಾಗ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಮಕ್ತುಮಬಿ ತಪಾಸಣೆಗೆ ರಕ್ತ ಕೊಡಲು ಹೋಗಿದ್ದಳು. ಅವನು ದನಿ ತಗ್ಗಿಸಿದ.

“ನನಗ ಗೊತ್ತಿಲ್ಲ ಅಂತ ತಿಳಕೊಂಡಾಳ ಅಕಿ. ನಮ್ಮ ವಠಾರದಾಗ ಮೂರು ಮನಿಗೆ ಒಂದ ಪಾಯಖಾನಿ. ದಿನಾ ಮುಂಜಾನೆ ಅಕಿ ಏಳೂ ಹೊತ್ತಿಗೆ ನಾ ಬೇವಿನಕಡ್ಡಿ ಕಚ್ಚಿಕೋತ ಅದರ ಬಾಗಲಾಗ ನಿಂತಿರ್ತೀನಿ. ಗಂಡಸು ನಿಂತಾನಂತ ಯಾರೂ ಒಳಗ ಹೋಗೂದಿಲ್ಲ. ಅಕಿ ಬಂದ್ಲಂದ್ರ ನಾ ಸರೀತೀನಿ. ನೀ ಹೇಳಬ್ಯಾಡವಾ ಯವ್ವಾ, ನಾಚಿಕೋತಾಳ.”

ಕಾವ್ಯಾ ತಲೆಯಾಡಿಸಿದಳು. ಚೀಲದಲ್ಲಿ ಏನೋ ಹುಡುಕುವಂತೆ ಮಾಡಿದಳು.

ಒಳಗೆ ಡಾಕ್ಟರಿಗಿಂತ ಮೊದಲು ಸಿಸ್ಟರ್ ಕೂರಿಸಿಕೊಂಡು ಕೇಳಿದಳು. ಕಳೆದ ಹದಿನೈದು ದಿನದಲ್ಲಿ ನಿದ್ದೆ ಹೇಗಿತ್ತು, ಮನಸ್ಸು ಕುಗ್ಗಿತ್ತೇ, ಶೌಚಾಲಯ ಸಿಗಲಿಕ್ಕಿಲ್ಲ ಎಂಬ ಭಯ ಆಗಿತ್ತೇ, ಹೋಗಬೇಕಾದ ಕಡೆ ಹೋಗದೆ ಉಳಿದದ್ದಿದೆಯೇ. ಮಕ್ತುಮಬಿ ಕೈ ಮಡಿಲಲ್ಲಿಟ್ಟುಕೊಂಡು ಕುಬಸದ ಮನೆಯಲ್ಲಿ ಕೂತ ಹಾಗೆ ಕೂತಿದ್ದಳು. ಎಲ್ಲದಕ್ಕೂ ಒಂದೇ ಉತ್ತರ. ಚೊಲೊ ಐತ್ರಿ. ಹಂಗೇನಿಲ್ರಿ. ಚೊಲೊ ಐತ್ರಿ. ಸಿಸ್ಟರ್ ಖುಷಿಯಾಗಿ ಮುಂದಿನದಕ್ಕೆ ಹೋಗುತ್ತಿದ್ದಳು.

ಕಾವ್ಯಾ ಅವಳ ಮೊಣಕೈ ಮೇಲೆ ಕೈಯಿಟ್ಟಳು.

“ಆಯಿ, ಇದು ತುಂಬಿದ ಮನಿ ಅಲ್ಲ. ಇಲ್ಲಿ ಕೆಟ್ಟ ಮಾತು ಆಡಾಕಂತ ಬಂದೀವಿ.”

ಮಕ್ತುಮಬಿ ಸಿಸ್ಟರ್ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಗಂಡ ಹೊರಗೇ ಇದ್ದ. ಮೊದಲು ನಿದ್ದೆಯ ಮಾತು ಬಂತು. ಆಮೇಲೆ ಬಸ್ಸಿನದು. ಆಮೇಲೆ ಉಪವಾಸ ಇದ್ದು ಊರಿಗೆ ಹೋಗುವುದು, ಬಣ್ಣದ ಸೀರೆ, ನಿಕಾಹ, ಕಾರ್ತಿಕ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಗಲಿಲ್ಲ, ದೊಡ್ಡದಾಯಿತು. ವರ್ಷಗಟ್ಟಲೆ ಬಾಯಿ ಕಟ್ಟಿಟ್ಟ ಗಂಟು ಬಿಚ್ಚಿದಂತೆ. ಸಿಸ್ಟರ್ ಎದ್ದು ಹೋಗಿ ಡಾಕ್ಟರನ್ನೇ ಕರೆತಂದಳು.

ಡಾಕ್ಟರು ಕೂತು ಎಲ್ಲ ಕೇಳಿದರು. ರಿಪೋರ್ಟು ಕರುಳಿನ ಸುದ್ದಿ ಹೇಳುತ್ತದೆ, ನಿಮ್ಮ ಸುದ್ದಿ ನೀವೇ ಹೇಳಬೇಕು ಎಂದರು. ಮೇಲಿನ ಹುಣ್ಣು ಮಾಗಿದ್ದರೂ ಕೊನೆಯ ತುದಿಯಲ್ಲಿ ಉರಿ ಉಳಿದಿರಬಹುದು, ಅವಸರ ಅಲ್ಲಿಂದಲೇ ಬರುತ್ತದೆ, ಬಾಯಿಂದ ನುಂಗಿದ ಗುಳಿಗೆ ಅಲ್ಲಿಗೆ ಸಾಕಷ್ಟು ಮುಟ್ಟುವುದಿಲ್ಲ. ಅದಕ್ಕೇ ಆ ಕೆಳಗಿಡುವ ಔಷಧ. ಉಪವಾಸ ಬೇಡ, ಸ್ವಲ್ಪ ಸ್ವಲ್ಪ ತಿನ್ನಿ. ಯಾವ ಗುಳಿಗೆಯನ್ನೂ ತಾವಾಗಿ ಬಿಡಬೇಡಿ. ಕುಬಸದ ಹೊತ್ತಿಗೆ ಪೂರಾ ಹೋಗುತ್ತದೆಯೇ ಎಂದು ಕೇಳಿದಳು ಕಾವ್ಯಾ. ಕಡಿಮೆಯಾಗಬಹುದು, ಪೂರಾ ಹೋಗುತ್ತದೆಂದು ಮಾತು ಕೊಡಲಾರೆ ಎಂದರು ಅವರು. ಸಿಸ್ಟರ್ ಮಕ್ತುಮಬಿಯನ್ನು ಪರದೆಯ ಹಿಂದೆ ಕರೆದೊಯ್ದು, ಎಡಮಗ್ಗುಲಾಗಿ ಮಲಗಿ ಔಷಧ ಇಟ್ಟುಕೊಳ್ಳುವುದನ್ನು ತೋರಿಸಿಕೊಟ್ಟಳು. ಹೊರಗೆ ಬಂದಾಗ ಮಕ್ತುಮಬಿಯ ಕಿವಿ ಕೆಂಪಾಗಿತ್ತು.

“ಐವತ್ತು ದಾಟಿದ ಮ್ಯಾಲೆ ಇದನ್ನೂ ಕಲಿಯೂದು ಬಂತಲ್ಲ ನನ್ನವ್ವ,” ಅಂದಳು.

ಮನೆಯಲ್ಲಿ ಜಾಗ ಎಲ್ಲಿ ಎಂಬುದು ಉಳಿದಿತ್ತು. ಅದನ್ನು ಸೊಸೆ ಅಬೇದಾಗೆ ಹೇಳಿಬಿಡು, ಹೆಣ್ಣುಮಗಳು, ತಿಳಿಯುತ್ತದೆ ಎಂದಳು ಕಾವ್ಯಾ. ಅಬೇದಾ ಕೇಳಿದ್ದೇ ತಡ, ಕೋಣೆಯ ಮೂಲೆಗೆ ಹಗ್ಗ ಕಟ್ಟಿ ಹಳೆಯ ಸೀರೆ ಇಳಿಬಿಟ್ಟಳಂತೆ. ಮಲಗುವ ಮುಂಚೆ ಗಂಡನನ್ನೂ ಮಾವನನ್ನೂ ಅಂಗಳಕ್ಕೆ ಅಟ್ಟಿದಳಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಮಕ್ತುಮಬಿಗೆ ನಗುವೋ ನಗು. ಇಷ್ಟು ವರ್ಷ ಸೊಸೆಯ ಮುಂದೆ ಅತ್ತೆಯಾಗಿ ಕೂತು ಸಾಕಾಗಿತ್ತು, ಈಗ ಹಗುರಾಯಿತು ಎಂದಳು.

ದಿನ ಕಳೆದಂತೆ ಅವಸರ ಸ್ವಲ್ಪ ಸಡಿಲಿತು. ಒಂದು ಬೆಳಿಗ್ಗೆ ಅರ್ಧ ರೊಟ್ಟಿ ಹಾಲಲ್ಲಿ ನೆನೆಸಿ ತಿಂದು ಬಸ್ಸು ಹತ್ತಿದಳು, ಏನೂ ಆಗಲಿಲ್ಲ. ಇನ್ನೊಂದು ದಿನ ಹಾಗೆಯೇ ಹತ್ತಿ ನಡುದಾರಿಯಲ್ಲೇ ಇಳಿಯಬೇಕಾಯಿತು. ಅಂದು ಅಲ್ಲಿಂದಲೇ ಕಾವ್ಯಾಳಿಗೆ ಫೋನು ಮಾಡಿ, ತಾನು ಕುಬಸಕ್ಕೆ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಕಾವ್ಯಾ ವಾದ ಮಾಡಲಿಲ್ಲ. ಮರುವಾರ ಬಳೆ ಮಾರಲು ಟಿಕೋಟಾಕ್ಕೆ ಬಂದಾಗ ಗೌರಾಬಾಯಿ ತಾನೇ ಹೋಗಿ ಹಾಲು ಹೆಚ್ಚು, ಪುಡಿ ಕಡಿಮೆ ಹಾಕಿದ ಚಹಾ ಮಾಡಿ ತಂದಿಟ್ಟಳು. ಕುಡಿಯೆಂದು ಒತ್ತಾಯ ಮಾಡಲಿಲ್ಲ. ಹಿತ್ತಲಿನ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇನೆ, ಹಳೆಯದು ಸರಿ ಕೂಡುತ್ತಿರಲಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು. ಮಕ್ತುಮಬಿ ಕಪ್ಪನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎತ್ತಿ ಕುಡಿದಳು. ಹೋಗುವಾಗ ಕಾವ್ಯಾಳಿಗೆ, ಕುಬಸಕ್ಕೆ ಯಾವ ಹಸಿರು ಬೇಕು, ಗಿಳಿ ಹಸಿರೋ ಎಲೆ ಹಸಿರೋ ಎಂದು ಸೌಭಾಗ್ಯಳನ್ನು ಕೇಳಿ ಇಡು ಎಂದಳು.

ಕುಬಸದ ದಿನ ಬಬಲೇಶ್ವರದ ಬೀಗರು ಹೊತ್ತಿಗೆ ಮೊದಲೇ ಬಂದರು. ಕಾವ್ಯಾ ಬೆಳಗಿನಿಂದಲೇ ಹಿತ್ತಲಿನ ದಾರಿಯಲ್ಲಿದ್ದ ಪಾತ್ರೆಪಗಡ ಎತ್ತಿಸಿ, ಬಂದ ಹುಡುಗರಿಗೆಲ್ಲ ಪಕ್ಕದ ಮನೆಯ ಪಾಯಖಾನೆ ತೋರಿಸಿಟ್ಟಿದ್ದಳು. ಸೌಭಾಗ್ಯ ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕೂತಳು. ಮಕ್ತುಮಬಿಯೂ ಅಂದು ಬಣ್ಣದ ಸೀರೆ ಉಟ್ಟು ಬಂದಿದ್ದಳು, ನೇರಳೆ ಬಣ್ಣದ್ದು. ಲಕ್ಷ್ಮಿ ಎದುರಿಗೇ ಕೂತಿದ್ದಳು. ನಮಸ್ಕಾರ ಮಾಡಿದವಳಿಗೆ ತಲೆಯಾಡಿಸಿದಳು, ಮಾತಾಡಿಸಲಿಲ್ಲ.

ಎಡಗೈಗೆ ಎಣ್ಣೆ ಸವರಿ ಬಳೆ ಏರಿಸತೊಡಗಿದಳು ಮಕ್ತುಮಬಿ. ಬಾತುಕೊಂಡ ಕೈ, ಬಳೆ ಗೆಣ್ಣಿನ ಹತ್ತಿರ ತಡೆಯುತ್ತಿತ್ತು. ಹೊಟ್ಟೆಯೊಳಗಿರುವುದು ಗಂಡೋ ಹೆಣ್ಣೋ ಗೊತ್ತಿಲ್ಲ, ಮೊಂಡು ಮಾತ್ರ ಖರೆ, ಅವ್ವನ ಕೈ ಸಡಿಲು ಬಿಡವಲ್ಲದು ಎಂದಳು. ಸೌಭಾಗ್ಯ ನಕ್ಕಳು. ಬಳೆ ಜಾರಿತು. ಹಾಗೇ ಎಡಗೈ ತುಂಬಿತು. ಹೆಂಗಸರು ಮೆಲ್ಲಗೆ ಹಾಡು ಎತ್ತಿಕೊಂಡರು. ಮಕ್ತುಮಬಿ ಬಲಗೈ ಹಿಡಿದಳು. ನಾಲ್ಕಾರು ಬಳೆ ಏರಿದವು.

ಆಮೇಲೆ ಅವಳ ಬೆರಳು ನಿಂತವು.

ಕಾವ್ಯಾ ಆರತಿ ತಟ್ಟೆಯ ಹತ್ತಿರ ಇದ್ದಳು. ಮಕ್ತುಮಬಿಯ ಮೇಲ್ತುಟಿಯ ಮೇಲೆ ಸಣ್ಣಗೆ ಬೆವರು ಮೂಡಿದ್ದು ಅವಳಿಗೆ ಕಂಡಿತು. ಲಕ್ಷ್ಮಿಗೂ ಕಂಡಿತು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಬಾಗಿಲಲ್ಲಿ ನಿಂತಿದ್ದ ಗೌರಾಬಾಯಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಹಾಡು ಒಬ್ಬೊಬ್ಬರ ಬಾಯಿಂದ ಬಿಟ್ಟು ಹೋಗಿ ನಿಂತಿತು. ಎದ್ದು ಓಡುತ್ತಾಳೆ, ಇಲ್ಲವೇ ಕಾರ್ತಿಕದಲ್ಲಿ ಮಾಡಿದಂತೆ ತಡೆಯುತ್ತ ಕೂರುತ್ತಾಳೆ ಅಂದುಕೊಂಡಳು ಕಾವ್ಯಾ. ಮಕ್ತುಮಬಿ ಎರಡನ್ನೂ ಮಾಡಲಿಲ್ಲ. ಹಿಡಿದ ಕೈಯನ್ನು ಹಿಡಿದುಕೊಂಡೇ ತಲೆಯೆತ್ತಿ ನೇರ ಲಕ್ಷ್ಮಿಯ ಕಡೆ ನೋಡಿದಳು.

“ನನಗ ಕರುಳಿನ ಬ್ಯಾನಿ ಐತ್ರಿ ಅಕ್ಕಾರ. ಔಷಧ ನಡದೈತಿ. ಮೊದಲಿನಕಿಂತ ಚೊಲೊ ಇದ್ದೀನಿ, ಪೂರಾ ಚೊಲೊ ಇಲ್ಲ. ಅವತ್ತ ನಿಮ್ಮೂರಾಗ ಸೊಕ್ಕಿನಿಂದ ಎದ್ದಿದ್ದಿಲ್ಲ ನಾ. ಇವತ್ತೂ ಈಗ ಏಳಬೇಕಾಗೇತಿ.”

ಲಕ್ಷ್ಮಿ ಬಾಯಿ ತೆರೆದಳು, ಏನೋ ಅನ್ನಲು ಹೋಗಿ ಸೊಸೆಯ ಮುಖ ನೋಡಿದಳು. ಸೌಭಾಗ್ಯ ಕೈ ಎಳೆದುಕೊಂಡಿರಲಿಲ್ಲ. ಲಕ್ಷ್ಮಿ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ದಾರಿ ಮಾಡಿದಳು.

ಮಕ್ತುಮಬಿ ಕಾವ್ಯಾಳನ್ನು ಕಣ್ಣಿನಿಂದಲೇ ಕರೆದಳು. ಕಾವ್ಯಾ ತಟ್ಟೆ ಕೆಳಗಿಟ್ಟು ಬಂದು ಅವಳ ಮಗ್ಗುಲಿಗೆ ಕೂತಳು. ಮಕ್ತುಮಬಿ ಸೌಭಾಗ್ಯಳ ಬಲಗೈಯನ್ನು, ಎಣ್ಣೆಯ ಪಸೆ ಇನ್ನೂ ಆರದ ಕೈಯನ್ನು, ತನ್ನ ತೊಡೆಯ ಮೇಲಿಂದ ಎತ್ತಿ ಕಾವ್ಯಾಳ ಎರಡೂ ಅಂಗೈಗಳ ನಡುವೆ ಇಟ್ಟಳು. ಅದು ಸರಿಯಾಗಿ ಹಿಡಿತಕ್ಕೆ ಬಂದಿದೆಯೇ ಎಂದು ನೋಡಿ, ಆಮೇಲೆ ತನ್ನ ಬೆರಳು ಬಿಡಿಸಿಕೊಂಡಳು.

“ಈ ಕೈ ನೀ ಹಿಡಕೋ ನನ್ನವ್ವ,” ಅಂದಳು. “ನಾ ಬರೂತನಾ ಬಿಡಬ್ಯಾಡ.”